ಗುರಿ ದೊಡ್ಡದಿರಲಿ, ಚೆಂಡು ಎಲ್ಲರ ಕೈಗೂ ಸಿಗಲಿ

ನಾಲ್ಕು ವರ್ಷದ ಮಗುವಿನ ಕೈಗೆ ಬಟ್ಟೆ ಚೆಂಡು ಕೊಟ್ಟು, ಎರಡು ಮಾರು ದೂರದಲ್ಲಿ ಡಬ್ಬಿಯೊಂದನ್ನಿಟ್ಟು, ‘ಅದಕ್ಕ ಒಗಿ’ ಎಂದು ಹೇಳಿ ನೋಡಬೇಕು. ಮಗು ಡಬ್ಬಿಗೆ ಎದುರಾಗಿ ಎರಡೂ ಪಾದ ಜೋಡಿಸಿ ನಿಲ್ಲುತ್ತದೆ. ಚೆಂಡನ್ನು ಕಿವಿಯ ಪಕ್ಕಕ್ಕೆ ತಂದು ಮೊಣಕೈಯನ್ನಷ್ಟೇ ಬಿಡಿಸಿ ಮುಂದಕ್ಕೆ ತಳ್ಳುತ್ತದೆ. ಸೊಂಟ ತಿರುಗುವುದಿಲ್ಲ, ಕಾಲು ಕದಲುವುದಿಲ್ಲ. ಚೆಂಡು ಪಾದದ ಬುಡದಲ್ಲೇ ಬೀಳುತ್ತದೆ, ಇಲ್ಲವೇ ಎತ್ತಲೋ ಹಾರುತ್ತದೆ. ಸುತ್ತಲಿನವರು ನಗುತ್ತಾರೆ, ಮಗುವೂ ನಗುತ್ತದೆ. ದೊಡ್ಡದಾದ ಮೇಲೆ ತಾನಾಗಿಯೇ ಬರುತ್ತದೆ ಬಿಡು ಎನ್ನುವಲ್ಲಿಗೆ ಆ ಮಾತು ಮುಗಿಯುತ್ತದೆ.

ತಾನಾಗಿ ಬರುವುದಿಲ್ಲ. ನೋಡಿ ಕಲಿಯಲು ದೊಡ್ಡ ಮಕ್ಕಳಿದ್ದರೆ, ತಿದ್ದಿ ಹೇಳಲು ಹಿರಿಯರಿದ್ದರೆ, ದಿನವೂ ಕೈಗೆ ಚೆಂಡು ಸಿಕ್ಕರೆ ಮಾತ್ರ ಬರುತ್ತದೆ. ಸರಿಯಾಗಿ ಎಸೆಯಲು ಬಾರದೆಯೇ ಜೀವಮಾನ ಕಳೆಯುವವರು ಊರೂರಲ್ಲಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಅವರ ಮೈಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕಲಿಯುವ ವಯಸ್ಸಿನಲ್ಲಿ ಕಲಿಸುವವರು ಸಿಗಲಿಲ್ಲ ಅಷ್ಟೆ. ಅಂಗನವಾಡಿಯಿಂದ ಮೂರನೇ ತರಗತಿಯವರೆಗೆ ಪ್ರತಿ ಮಗುವಿಗೂ, ಅಕ್ಷರ ಕಲಿಸುವಷ್ಟೇ ಶ್ರದ್ಧೆಯಿಂದ, ಗುರಿಗೆ ಚೆಂಡು ಎಸೆಯುವುದನ್ನು ಕಲಿಸಬೇಕು. ಇದನ್ನು ಬಾಗಲಕೋಟೆಯಂಥ ಜಿಲ್ಲೆಯಿಂದಲೇ ಶುರುಮಾಡಬಹುದು.

ಮಗುವಿನ ಎಸೆತ ಹೇಗೆ ಪಕ್ವವಾಗುತ್ತದೆ ಎಂಬುದನ್ನು ಅಮೆರಿಕದ ಮೋನಿಕಾ ವೈಲ್ಡ್ ಮಕ್ಕಳ ಎಸೆತಗಳನ್ನು ಚಿತ್ರೀಕರಿಸಿ ಅಭ್ಯಸಿಸಿ 1938ರಲ್ಲಿ ಪ್ರಕಟಿಸಿದರು. ಎರಡು-ಮೂರು ವರ್ಷದಲ್ಲಿ ಬರೀ ಕೈಯ ಕೆಲಸ. ಮೂರೂವರೆಯಿಂದ ಐದರ ಹೊತ್ತಿಗೆ ಸೊಂಟವೂ ಭುಜವೂ ತಿರುಗತೊಡಗುತ್ತವೆ, ಕಾಲು ಮಾತ್ರ ನೆಟ್ಟ ಹಾಗೆಯೇ ಇರುತ್ತದೆ. ಐದು-ಆರರಲ್ಲಿ ಮಗು ಹೆಜ್ಜೆ ಇಡುತ್ತದೆ, ಆದರೆ ಎಸೆಯುವ ಕೈಯ ಕಡೆಯ ಕಾಲನ್ನೇ ಮುಂದಿಡುತ್ತದೆ. ಆರೂವರೆ ದಾಟಿದ ಮೇಲೆ ಬಲಗೈಯವರು ಎಡಗಾಲು ಮುಂದಿಟ್ಟು, ಮೈ ತಿರುಗಿಸಿ ಎಸೆಯುವ ಹಂತ. ಈ ಮೆಟ್ಟಿಲುಗಳನ್ನು ಇಂದಿಗೂ ದೈಹಿಕ ಶಿಕ್ಷಣದ ಪಠ್ಯಗಳು ಉಲ್ಲೇಖಿಸುತ್ತವೆ. ವಯಸ್ಸಿನ ಲೆಕ್ಕ ಅಂದಾಜಿನದು. ಅಭ್ಯಾಸ ಸಿಕ್ಕ ಮಗು ಬೇಗ ಮೇಲೇರುತ್ತದೆ, ಸಿಗದ ಮಗು ಎರಡನೇ ಮೆಟ್ಟಿಲಲ್ಲೇ ನಿಂತುಬಿಡಬಹುದು.

ಎಸೆಯುವ ಶಕ್ತಿ ಮನುಷ್ಯನ ಮೈಗೆ ಬಂದದ್ದು ಬಹಳ ಹಿಂದೆ. 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನೀಲ್ ರೋಚ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಕೈ ಹಿಂದಕ್ಕೆ ಎಳೆದಾಗ ಭುಜದ ಸ್ನಾಯುರಜ್ಜುಗಳಲ್ಲಿ ಶಕ್ತಿ ಕೂಡಿಕೊಳ್ಳುತ್ತದೆ, ಬಿಟ್ಟೊಡನೆ ಚಿಮ್ಮುತ್ತದೆ. ಇದಕ್ಕೆ ಬೇಕಾದ ಅಂಗರಚನೆ ಸುಮಾರು 20 ಲಕ್ಷ ವರ್ಷಗಳ ಹಿಂದೆ ಹೋಮೋ ಎರೆಕ್ಟಸ್ ಕಾಲಕ್ಕೆ ಒಟ್ಟುಗೂಡಿತ್ತು ಎಂಬುದು ಅವರ ನಿಲುವು. ಮೈಬಲದಲ್ಲಿ ಮನುಷ್ಯನನ್ನು ಮೀರಿಸುವ ಚಿಂಪಾಂಜಿ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಎಸೆದರೆ ಹೆಚ್ಚು. ತರಬೇತಿ ಪಡೆದ ಹನ್ನೆರಡರ ಹುಡುಗ ಅದರ ಮೂರು ಪಟ್ಟು ವೇಗ ಮುಟ್ಟಬಲ್ಲ. ಭುಜ ಹುಟ್ಟಿನಿಂದ ಸಿಕ್ಕ ಆಸ್ತಿ. ಅದನ್ನು ಬಳಸುವ ಬಗೆಯನ್ನು ಪ್ರತಿ ಮಗುವೂ ಹೊಸದಾಗಿ ಕಲಿಯಬೇಕು.

ಬಾದಾಮಿ, ಹುನಗುಂದ ಸೀಮೆಯಲ್ಲಿ ಹಿಂದೆ ಇದನ್ನು ಶಾಲೆ ಹೇಳಿಕೊಡಬೇಕಾಗಿರಲಿಲ್ಲ. ಹೊಲ ಹೇಳಿಕೊಡುತ್ತಿತ್ತು, ಓಣಿ ಹೇಳಿಕೊಡುತ್ತಿತ್ತು. ಹಿಂಗಾರಿ ಜೋಳ ತೆನೆ ಬಿಟ್ಟು ಹಾಲುಗಾಳಾಗುವ ಹೊತ್ತಿಗೆ ಹಕ್ಕಿಗಳ ಹಿಂಡು ಇಳಿಯುತ್ತದೆ. ಸೀತನಿ ಸುಟ್ಟು ತಿನ್ನುವ ಆ ದಿನಗಳಲ್ಲಿ ಹೊಲದ ನಡುವಿನ ಅಟ್ಟದ ಮೇಲೆ ನಿಂತು ಕವಣಿ ಬೀಸುವುದು ಮನೆಯ ಹುಡುಗರ ಕೆಲಸ. ಹಗ್ಗದ ನಡುವಿನ ಜಾಳಿಗೆಯಲ್ಲಿ ಮಣ್ಣಿನ ಹೆಂಟೆಯಿಟ್ಟು, ತಲೆಯ ಸುತ್ತ ತಿರುಗಿಸಿ, ಸರಿಯಾದ ಗಳಿಗೆಗೆ ಒಂದು ತುದಿ ಸಡಿಲಿಸಬೇಕು. ಒಂದು ಕ್ಷಣ ಮುಂಚೆ ಬಿಟ್ಟರೂ ತಡವಾಗಿ ಬಿಟ್ಟರೂ ಹೆಂಟೆ ಪಕ್ಕದ ಹೊಲಕ್ಕೆ ಹೋಗುತ್ತದೆ. ದಿನಗಟ್ಟಲೆ ಹೊಲ ಕಾಯುವ ದುಡಿಮೆ ಮಕ್ಕಳಿಗೆ ತಪ್ಪಿದ್ದು ಒಳ್ಳೆಯದೇ ಆಯಿತು, ಅದು ತಿರುಗಿ ಬರುವುದು ಬೇಡ. ಅದರ ಜತೆಗೆ ಹೋದ ಕೈಚಳಕಕ್ಕೆ ಮಾತ್ರ ಬೇರೆ ದಾರಿ ಹುಡುಕಬೇಕು.

ಓಣಿಯ ಪಾಠ ಲಗೋರಿ. ಬಾದಾಮಿಯ ಮರಳುಗಲ್ಲಿನ ನಾಡಿನಲ್ಲಿ ಚಪ್ಪಟೆ ಕಲ್ಲಿಗೇನು ಬರ! ಏಳು ಚೂರು ಒಂದರ ಮೇಲೊಂದು ಪೇರಿಸಿ, ಗೆರೆ ಎಳೆದು, ಅರಿವಿ ಚೆಂಡಿನಿಂದ ಹೊಡೆದು ಕೆಡವಬೇಕು. ಕೆಡವಿದ ಪಾಳಿಯವರು ಮತ್ತೆ ಕಲ್ಲು ಒಟ್ಟುವಷ್ಟರಲ್ಲಿ ಎದುರು ಪಾಳಿಯವರು ಅವರ ಬೆನ್ನಿಗೆ ಚೆಂಡು ಮುಟ್ಟಿಸಬೇಕು. ಒಂದೇ ಆಟದಲ್ಲಿ ನಿಂತ ಗುರಿಯೂ ಉಂಟು, ಓಡುವ ಗುರಿಯೂ ಉಂಟು. ಈ ಆಟದಲ್ಲಿ ಎಲ್ಲರಿಗಿಂತ ಸಣ್ಣ ಮಗುವಿಗೊಂದು ಜಾಗವಿತ್ತು, ಆಟಕ್ಕುಂಟು ಲೆಕ್ಕಕ್ಕಿಲ್ಲ. ಆ ಮಗು ಗೆರೆ ದಾಟಿ ಹತ್ತಿರದಿಂದ ಎಸೆದರೆ ಯಾರೂ ತಡೆಯುತ್ತಿರಲಿಲ್ಲ. ಮೂರು ಸರದಿ ಮುಗಿದರೂ ‘ಇನ್ನೊಂದು ಸಲ ಒಗೀಲಿ ಬಿಡು’ ಎನ್ನುತ್ತಿದ್ದರು. ಸೋತರೆ ಪಾಳಿ ಸೋಲುತ್ತಿರಲಿಲ್ಲ. ಹತ್ತಿರದ ಗುರಿ, ಹೆಚ್ಚು ಸರದಿ, ಸೋಲಿನ ಭಯವಿಲ್ಲದಿರುವುದು: ಚಿಕ್ಕ ಮಕ್ಕಳಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪದ್ಧತಿಯನ್ನು ಯಾವ ತಜ್ಞರೂ ಇನ್ನೂ ಹೇಳಿಲ್ಲ.

ಆ ಓಣಿ ಈಗ ಹೇಗಿದೆ ಎಂಬುದಕ್ಕೆ ಕುಳಗೇರಿ ಕ್ರಾಸ್ ಕಣ್ಣೆದುರಿನ ಉದಾಹರಣೆ. ಹುಬ್ಬಳ್ಳಿ-ವಿಜಯಪುರ ರಸ್ತೆಯಿಂದ ಬಾದಾಮಿಗೆ ತಿರುಗುವುದು ಇಲ್ಲಿಯೇ. ರಾಷ್ಟ್ರೀಯ ಹೆದ್ದಾರಿ 52ರ ಲಾರಿ, ಬಸ್ಸುಗಳು ಹಗಲೂ ರಾತ್ರಿ ಹಾಯುತ್ತವೆ. ಹೆದ್ದಾರಿಗೆ ಅಂಟಿಕೊಂಡು ಬೆಳೆಯುವ ಊರಿನಲ್ಲಿ ಬಯಲು ಮೊದಲು ಅಂಗಡಿಗೆ ಹೋಗುತ್ತದೆ, ಆಮೇಲೆ ವಾಹನ ನಿಲ್ಲಿಸಲು ಹೋಗುತ್ತದೆ. ಉರುಳಿದ ಚೆಂಡಿನ ಹಿಂದೆ ಮಗು ರಸ್ತೆಗೆ ಓಡೀತು ಎಂಬ ಭಯ ತಾಯಂದಿರಿಗೆ ಇರುವುದು ಸಹಜ. ಮಗು ಒಳಗೆ ಕೂರುತ್ತದೆ, ಕೈಗೆ ಮೊಬೈಲ್ ಬರುತ್ತದೆ. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಮೈ ಬೆವರುವಷ್ಟು ಚುರುಕಾಗಿರಬೇಕು, ಪರದೆಯ ಮುಂದೆ ಒಂದು ತಾಸಿಗಿಂತ ಹೆಚ್ಚು ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಕ್ರಾಸ್‌ನಲ್ಲಿ ಬೆಳೆಯುವ ಮಗುವಿಗೆ ಆ ಮೂರು ತಾಸಿನ ಜಾಗ ಎಲ್ಲಿ?

ಹಾಗಾಗಿ ಹೊಣೆ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಕಾನೂನಿನಲ್ಲೊಂದು ದೊಡ್ಡ ಬಿರುಕು ಇರುವುದೂ ಇಲ್ಲಿಯೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಶಾಲೆಗೆ ಆಟದ ಮೈದಾನ ಇರಬೇಕೆನ್ನುತ್ತದೆ, ತರಗತಿಗೆ ಬೇಕಾದ ಆಟದ ಸಾಮಗ್ರಿ ಕೊಡಬೇಕೆನ್ನುತ್ತದೆ. ಆದರೆ ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರ ಮಾತು ಬರುವುದು ಆರರಿಂದ ಎಂಟನೇ ತರಗತಿಗೆ, ಅದೂ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ. ಎಸೆತ ಪಕ್ವವಾಗುವುದು ನಾಲ್ಕರಿಂದ ಎಂಟು ವರ್ಷದಲ್ಲಿ, ಬೋಧಕ ಬರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ತಪ್ಪು ರೂಢಿ ಮೈಗೆ ಹತ್ತಿರುತ್ತದೆ. ಎಸೆಯಲು ಬಾರದ ಮಗು ಆಟದಿಂದಲೇ ಹಿಂದೆ ಸರಿದಿರುತ್ತದೆ. ಆಸ್ಟ್ರೇಲಿಯಾದ ಲೀಸಾ ಬಾರ್ನೆಟ್ ಮತ್ತು ಸಂಗಡಿಗರು ಪ್ರಾಥಮಿಕ ಶಾಲೆಯ ಮಕ್ಕಳನ್ನು ವರ್ಷಗಳ ಬಳಿಕ ಹದಿಹರೆಯದಲ್ಲಿ ಮತ್ತೆ ನೋಡಿ 2009ರಲ್ಲಿ ಬರೆದ ಪ್ರಬಂಧ ಈ ಅಳಲಿಗೆ ಆಧಾರ ಕೊಡುತ್ತದೆ. ಚಿಕ್ಕಂದಿನಲ್ಲಿ ಎಸೆಯುವುದು, ಹಿಡಿಯುವುದು, ಒದೆಯುವುದು ಚೆನ್ನಾಗಿ ಬಂದಿದ್ದ ಮಕ್ಕಳು ಮುಂದೆಯೂ ಹೆಚ್ಚು ಚಟುವಟಿಕೆಯಿಂದ ಇದ್ದರು.

ಕಲಿಸುವುದು ಹೇಗೆ ಎನ್ನುವಾಗ ನಮ್ಮ ನಾಡಿನಲ್ಲಿ ಎಲ್ಲರ ನೆನಪಿಗೆ ಬರುವುದು ದ್ರೋಣರು, ಮರದ ಮೇಲಿನ ಹಕ್ಕಿ, ಅರ್ಜುನನಿಗೆ ಕಂಡ ಕಣ್ಣು. ಅದು ಬಿಲ್ಲುವಿದ್ಯೆ ಕೈಗೂಡಿದ ಹುಡುಗರಿಗೆ ಇಟ್ಟ ಕೊನೆಯ ಪರೀಕ್ಷೆ. ಅದನ್ನೇ ಮೊದಲ ಪಾಠವೆಂದು ತಿಳಿದು ನಾಲ್ಕು ವರ್ಷದ ಮಗುವಿನ ಮುಂದೆ ಪುಟ್ಟ ಗುರಿ ಇಟ್ಟರೆ ಎಸೆತ ಕೆಡುತ್ತದೆ. ಮಗುವಿಗೆ ಗುರಿ ತಪ್ಪಬಾರದೆಂಬ ಅಳುಕು. ಅಳುಕಿದ ಮಗು ಮೈಯನ್ನು ಬಿಗಿ ಹಿಡಿದು, ಸೊಂಟ ತಿರುಗಿಸದೆ, ಹೆಜ್ಜೆ ಇಡದೆ, ಚೆಂಡನ್ನು ಮೆಲ್ಲಗೆ ತಳ್ಳುತ್ತದೆ. ಗುರಿ ಮುಟ್ಟಿದರೂ ಎಸೆಯಲು ಕಲಿಯಲಿಲ್ಲ. ದೈಹಿಕ ಶಿಕ್ಷಣದ ಅನುಭವಿಗಳು ಮೊದಲು ಜೋರು, ಆಮೇಲೆ ನಿಖರತೆ ಎನ್ನುವುದು ಇದಕ್ಕೇ. ಗುರಿ ಬೇಕು, ಅದು ತಪ್ಪಲಾರದಷ್ಟು ದೊಡ್ಡದಿರಬೇಕು. ಶಾಲೆಯ ಗೋಡೆಯ ಮೇಲೆ ಸುಣ್ಣದಿಂದ ಬರೆದ ಬಂಡಿಗಾಲಿಯಷ್ಟು ದೊಡ್ಡ ವೃತ್ತವಾದೀತು, ಹಗ್ಗಕ್ಕೆ ನೇತುಹಾಕಿದ ಹಳೆಯ ಚಾದರವಾದೀತು. ಬೇವಿನ ಕೊಂಬೆಗೆ ಕಟ್ಟಿದ ಖಾಲಿ ಎಣ್ಣೆ ಡಬ್ಬಿಗಳ ಸಾಲು ಇನ್ನೂ ಒಳ್ಳೆಯದು. ಡಬ್ಬಿ ಢಣ್ ಎನ್ನಬೇಕಾದರೆ ಜೋರಾಗಿ ಎಸೆಯಬೇಕು ಎಂಬುದನ್ನು ಮಗುವಿಗೆ ಯಾರೂ ಹೇಳಬೇಕಾಗಿಲ್ಲ.

ಮಾತು ಕಡಿಮೆಯಿದ್ದಷ್ಟೂ ಒಳ್ಳೆಯದು. ಮೊಣಕೈ ಎತ್ತು, ಮಣಿಕಟ್ಟು ತಿರುವು ಎಂದು ಹೇಳುತ್ತ ಹೋದರೆ ಮಗು ತನ್ನ ಕೈಯನ್ನೇ ನೋಡಿಕೊಳ್ಳುತ್ತದೆ. ಕಲಿಯುವವರ ಗಮನ ತಮ್ಮ ಅಂಗಗಳ ಮೇಲಿರುವುದಕ್ಕಿಂತ ಹೊರಗಿನ ಫಲದ ಮೇಲಿದ್ದರೆ ಚಲನೆ ಸಾಮಾನ್ಯವಾಗಿ ಚೆನ್ನಾಗಿ ಕೂಡಿಬರುತ್ತದೆ ಎಂಬುದನ್ನು ಗೇಬ್ರಿಯಲೆ ವುಲ್ಫ್ ಎರಡು ದಶಕಗಳಿಗೂ ಹೆಚ್ಚು ಕಾಲದ ಸಂಶೋಧನೆಯಲ್ಲಿ ತೋರಿಸುತ್ತ ಬಂದಿದ್ದಾರೆ. ಅಂಗನವಾಡಿಯ ಅಕ್ಕೋರು ‘ತಂಗೀ, ಡಬ್ಬಿ ಸಪ್ಪಳ ಆಗಬೇಕ ನೋಡು’ ಎಂದರೆ ಅರ್ಧ ಪಾಠ ಆದಂತೆ. ಉಳಿದರ್ಧ ಕಾಲಿನದು. ನೆಲದ ಮೇಲೆ ಸೀಮೆಸುಣ್ಣದಿಂದ ಎರಡು ಪಾದ ಬರೆಯಬೇಕು, ಒಂದು ಗೆರೆಯ ಹಿಂದೆ ಅಡ್ಡಲಾಗಿ, ಇನ್ನೊಂದು ಗೆರೆಯ ಮುಂದೆ. ಮಗು ಗುರಿಗೆ ಎದೆಕೊಡದೆ ಪಕ್ಕ ತಿರುಗಿ ನಿಂತು, ಬಲಗೈಯಲ್ಲಿ ಎಸೆಯುವಾಗ ಎಡಗಾಲಿನಿಂದ ಮುಂದಿನ ಪಾದವನ್ನು ತುಳಿಯಬೇಕು. ಎಡಗೈ ಮಕ್ಕಳಿಗೆ ಇದೇ ಚಿತ್ರ ತಿರುವುಮುರುವು. ಆ ಮಕ್ಕಳ ಕೈ ಬದಲಿಸಲು ಹೋಗುವುದು ಅನ್ಯಾಯ, ಯಾವ ಮನೆಯಲ್ಲೂ ಯಾವ ಶಾಲೆಯಲ್ಲೂ ಅದು ನಡೆಯಬಾರದು.

ಮೂರು ವರ್ಷದವರಿಗೆ ಕೈ ಕೆಳಗಿನಿಂದ ತೂರುವ ಆಟ ಸಾಕು. ಬುಟ್ಟಿಯನ್ನು ಒಂದು ಹೆಜ್ಜೆ ದೂರದಲ್ಲಿಟ್ಟು ಅದರೊಳಗೆ ಹಾಕಿಸಬೇಕು. ಬಿದ್ದರೆ ಬುಟ್ಟಿಯನ್ನು ಮಗುವೇ ಒಂದು ಹೆಜ್ಜೆ ಹಿಂದೆ ಸರಿಸಲಿ, ಬೀಳದಿದ್ದರೆ ಮುಂದೆ ಎಳೆದುಕೊಳ್ಳಲಿ. ದೂರ ಆಗಾಗ ಬದಲಾಗುವುದು ಮುಖ್ಯ. ಕೆರ್ ಮತ್ತು ಬೂತ್ 1978ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹೆಸರಾದದ್ದು. ಎಂಟು ವರ್ಷದ ಮಕ್ಕಳಲ್ಲಿ ಒಂದು ಗುಂಪು ಮೂರು ಅಡಿ ದೂರದ ಗುರಿಗೆ ಮಾತ್ರ ಕಾಳಿನ ಚೀಲ ಎಸೆದು ಅಭ್ಯಾಸ ಮಾಡಿತು. ಇನ್ನೊಂದು ಗುಂಪು ಎರಡು ಅಡಿಗೂ ನಾಲ್ಕು ಅಡಿಗೂ ಎಸೆಯಿತು, ಮೂರಡಿಯ ಗುರಿಗೆ ಎಸೆಯಲೇ ಇಲ್ಲ. ಕೊನೆಗೆ ಎಲ್ಲರಿಗೂ ಮೂರಡಿಯ ಪರೀಕ್ಷೆ ಇಟ್ಟಾಗ ಗೆದ್ದದ್ದು ಎರಡನೇ ಗುಂಪು! ನಂತರದ ಎಲ್ಲ ಪ್ರಯೋಗಗಳಲ್ಲೂ ಇದೇ ಫಲ ಬಂದಿಲ್ಲವಾದರೂ ಮಕ್ಕಳ ಮಟ್ಟಿಗೆ ಇದು ಇಂದಿಗೂ ಕೆಲಸಕ್ಕೆ ಬರುವ ಸೂಚನೆ. ಕುಂಟಾಬಿಲ್ಲೆಯಲ್ಲಿ ಇದು ಮೊದಲೇ ಇದೆ. ಬಿಲ್ಲೆ ಮೊದಲು ಹತ್ತಿರದ ಮನೆಗೆ ಬೀಳಬೇಕು, ಮುಂದಿನ ಸಲ ಅದರಾಚೆಯ ಮನೆಗೆ, ಗೆರೆ ಮುಟ್ಟಬಾರದು. ಪ್ರತಿ ಸರದಿಗೂ ದೂರ ಬೇರೆ.

ಕುಂಟಾಬಿಲ್ಲೆಯ ಮಾತು ಬಂದ ಮೇಲೆ ಹೆಣ್ಣುಮಕ್ಕಳ ವಿಷಯ ಬಿಡುವಂತಿಲ್ಲ. ಗಂಡು-ಹೆಣ್ಣು ಮಕ್ಕಳ ಚಲನ ಕೌಶಲಗಳನ್ನು ಕುರಿತ ಹತ್ತಾರು ಅಧ್ಯಯನಗಳನ್ನು ಥಾಮಸ್ ಮತ್ತು ಫ್ರೆಂಚ್ 1985ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ ಅತಿ ದೊಡ್ಡ ಅಂತರ ಕಂಡದ್ದು ಎಸೆತದಲ್ಲಿಯೇ, ಅದೂ ಶಾಲೆಗೆ ಸೇರುವ ಮುನ್ನವೇ. ಹುಟ್ಟುಗುಣ ಎಂದು ಕೈತೊಳೆದುಕೊಳ್ಳಲು ಇದು ಸಾಕು ಎಂದು ಕೆಲವರಿಗೆ ಅನ್ನಿಸೀತು. ಆದರೆ ಆಸ್ಟ್ರೇಲಿಯಾದ ಮೂಲನಿವಾಸಿ ಮಕ್ಕಳನ್ನು ಜೆರ್ರಿ ಥಾಮಸ್ ಮತ್ತು ಸಂಗಡಿಗರೇ ಪರೀಕ್ಷಿಸಿ 2010ರಲ್ಲಿ ಬರೆದದ್ದು ಬೇರೆ ಕಥೆ ಹೇಳುತ್ತದೆ. ಎಸೆಯುವುದು ಗಂಡು-ಹೆಣ್ಣು ಇಬ್ಬರ ಬದುಕಿನಲ್ಲೂ ಸೇರಿದ್ದ ಆ ಸಮುದಾಯದಲ್ಲಿ ಹುಡುಗಿಯರು ಹುಡುಗರಿಗೆ ಎಷ್ಟೋ ಹತ್ತಿರವಿದ್ದರು, ಅಮೆರಿಕದ ಮಕ್ಕಳಲ್ಲಿ ಕಂಡಷ್ಟು ಅಂತರ ಅಲ್ಲಿರಲಿಲ್ಲ. ಅಂತರದ ಒಂದು ಪಾಲಾದರೂ ದೊಡ್ಡವರು ಮಾಡಿಟ್ಟದ್ದು ಎಂದಾಯಿತು. ಹುಡುಗನ ಕೈಗೆ ಚೆಂಡು, ಹುಡುಗಿಯ ಕೈಗೆ ತಮ್ಮನನ್ನು ಎತ್ತಿಕೊಳ್ಳುವ ಕೆಲಸ: ಇದು ಬಾಗಲಕೋಟೆ ಜಿಲ್ಲೆಯ ಮನೆಗಳಲ್ಲೂ ಕಾಣದ್ದೇನಲ್ಲ. ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ್ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಡರ್ಬಿಯಲ್ಲಿ 15 ರನ್ನಿಗೆ 5 ವಿಕೆಟ್ ಕಿತ್ತಾಗ ಈ ಭಾಗದ ಎಷ್ಟೋ ಮನೆಗಳಲ್ಲಿ ಸಿಹಿ ಹಂಚಿದ್ದುಂಟು. ಸಿಹಿ ಹಂಚುವ ಮನೆಯವರು ತಮ್ಮ ಮೂರು ವರ್ಷದ ಮಗಳಿಗೂ ಚೆಂಡು ಕೊಡಲಿ.

ಅಂಗವಿಕಲ ಮಕ್ಕಳನ್ನು ಈ ಆಟದಿಂದ ಹೊರಗಿಡುವ ಕಾರಣವೇ ಇಲ್ಲ. ಕೈಕಾಲಿನ ಚಲನೆ ತೀರಾ ಸೀಮಿತವಾಗಿರುವವರೂ ಗುರಿಚೆಂಡಿಗೆ ಚೆಂಡು ಉರುಳಿಸುವ ಬೋಚಾ 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಅಂಧರ ಕ್ರಿಕೆಟ್ಟಿನ ಪ್ಲಾಸ್ಟಿಕ್ ಚೆಂಡಿನೊಳಗೆ ಗುಂಡುಗಳಿರುತ್ತವೆ, ನೆಲಕ್ಕೆ ತಾಗಿಸಿ ಎಸೆದಾಗ ಸದ್ದು ಕೇಳಿ ಆಡುತ್ತಾರೆ. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ-20 ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ ಕರ್ನಾಟಕದ ಟಿ.ಸಿ. ದೀಪಿಕಾ. ಡಬ್ಬಿಯೊಳಗೆ ನಾಲ್ಕು ಹರಳು ಹಾಕಿ ಅಲ್ಲಾಡಿಸಿದರೆ ಕಣ್ಣು ಕಾಣದ ಮಗುವಿಗೂ ಗುರಿ ಸಿಗುತ್ತದೆ.

ಪಾಠ ಮುಗಿಸುವುದೇ ಕಷ್ಟ, ಚೆಂಡಿಗೆ ಹೊತ್ತೆಲ್ಲಿ ಎಂದು ಶಿಕ್ಷಕರು ಕೇಳಬಹುದು. ಕೇಳುವುದು ನ್ಯಾಯವೇ, ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಶಾಲೆಗಳಿವೆ. ಆದರೆ ಇಲ್ಲಿ ಕೊರತೆಯಿರುವುದು ಹೊತ್ತಿಗಿಂತ ಚೆಂಡಿನದು. ಮೂವತ್ತು ಮಕ್ಕಳಿಗೆ ಒಂದೇ ಚೆಂಡು ಕೊಟ್ಟು ಸಾಲಾಗಿ ನಿಲ್ಲಿಸಿದರೆ, ಒಬ್ಬೊಬ್ಬರಿಗೆ ಕಾಲು ನಿಮಿಷ ಹಿಡಿದರೂ ಅರ್ಧ ತಾಸಿನಲ್ಲಿ ಪ್ರತಿ ಮಗುವಿಗೆ ಸಿಗುವುದು ನಾಲ್ಕು ಎಸೆತ. ಉಳಿದ ಹೊತ್ತೆಲ್ಲ ಸಾಲಿನಲ್ಲಿ ನಿಂತು ತಳ್ಳಾಟ. ಮೂವತ್ತು ಚೆಂಡು ಇದ್ದರೆ ಹತ್ತು ನಿಮಿಷದಲ್ಲಿ ಪ್ರತಿ ಮಗುವೂ ಮೂವತ್ತು ಸಲ ಎಸೆದೀತು. ಸಮಗ್ರ ಶಿಕ್ಷಣ ಅಭಿಯಾನದಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿವರೆಗೆ, ಹಿರಿಯ ಪ್ರಾಥಮಿಕಕ್ಕೆ 10,000 ರೂಪಾಯಿವರೆಗೆ ಕ್ರೀಡಾ ಅನುದಾನಕ್ಕೆ ಅವಕಾಶವಿದೆ. ಅಷ್ಟೂ ಬೇಕಾಗಲಾರದು. ಹಳೆಯ ಕಾಲುಚೀಲದೊಳಗೆ ಬಟ್ಟೆಚೂರು ಬಿಗಿಯಾಗಿ ತುರುಕಿ, ಬಾಯಿ ತಿರುವಿ, ಉಳಿದ ತುದಿಯನ್ನು ಅದರ ಮೇಲೆಯೇ ಮಗುಚಿ ನಾಲ್ಕು ಹೊಲಿಗೆ ಹಾಕಿದರೆ ಮಗುವಿನ ಒಂದು ಕೈಯಲ್ಲಿ ಹಿಡಿಯುವ ಚೆಂಡಾಯಿತು. ಒಂದೇ ಕೈಗೆ ಹಿಡಿಯುವಷ್ಟು ಸಣ್ಣದಿರುವುದು ಅಗತ್ಯ, ಫುಟ್‌ಬಾಲಿನಷ್ಟು ದೊಡ್ಡದಾದರೆ ಮಗು ಎರಡು ಕೈಯಲ್ಲಿ ನೂಕುವುದನ್ನು ಕಲಿಯುತ್ತದೆ. ಅಂಗೈ ಅಗಲದ ಚೀಲ ಹೊಲಿದು ಮುಕ್ಕಾಲು ಪಾಲು ಹುಣಸೆ ಬೀಜ ತುಂಬಿದರೆ ಅದು ಬಿದ್ದಲ್ಲೇ ನಿಲ್ಲುತ್ತದೆ, ಉರುಳಿ ರಸ್ತೆಗೆ ಹೋಗುವುದಿಲ್ಲ. ಹೆದ್ದಾರಿ ಪಕ್ಕದ ಅಂಗನವಾಡಿಗೆ ಇದೇ ತಕ್ಕದ್ದು. ಗುಳೇದಗುಡ್ಡದ ಖಣ, ಇಳಕಲ್ ಸೀರೆ ಮಗ್ಗದಿಂದ ಇಳಿಯುವ ಜಿಲ್ಲೆಯಲ್ಲಿ ಯಾವ ಟೇಲರ್ ಅಂಗಡಿಯ ಮೂಲೆಯಲ್ಲೂ ಬೇಕಾದಷ್ಟು ಬಟ್ಟೆಚೂರು ಬಿದ್ದಿರುತ್ತದೆ.

ಪೆಟ್ಟಾದೀತು ಎಂಬ ಆತಂಕಕ್ಕೆ ಕಟ್ಟುನಿಟ್ಟಾದ ಎರಡು ಮಾತು ಸಾಕು. ಎಲ್ಲರೂ ಒಂದೇ ಕಡೆಗೆ ಮುಖಮಾಡಿ ಒಟ್ಟಿಗೆ ಎಸೆಯಬೇಕು, ಅಕ್ಕೋರು ಚಪ್ಪಾಳೆ ತಟ್ಟಿದ ಮೇಲೆ ಒಟ್ಟಿಗೆ ಹೋಗಿ ಆರಿಸಬೇಕು. ಕಲ್ಲು ಕೈಗೆತ್ತಿಕೊಳ್ಳಬಾರದು, ನಾಯಿ, ಹಕ್ಕಿ, ಓತಿಕ್ಯಾತ ಯಾವುದಕ್ಕೂ ಗುರಿಯಿಡಬಾರದು. ಜೀವ ಇರುವುದಕ್ಕೆ ಎಸೆಯಬಾರದೆಂಬುದು ಚೆಂಡಿನ ಜತೆಗೇ ಮೈಗೂಡಲಿ.

ಈ ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ರಾಜ್ಯದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಐವತ್ತು ವರ್ಷಗಳಲ್ಲಿ ಅಂಗನವಾಡಿ ಮಕ್ಕಳ ತಟ್ಟೆಗೆ ಊಟ ತಂದಿದೆ, ತೂಕ ನೋಡಿದೆ, ಲಸಿಕೆ ಹಾಕಿಸಿದೆ. ಕರ್ನಾಟಕದ ಅಂಗನವಾಡಿಗಳಿಗೆ ‘ಚಿಲಿಪಿಲಿ’ ಎಂಬ ಚಟುವಟಿಕೆ ಪಠ್ಯವಿದೆ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಎಂಟು ವರ್ಷದವರ ಕಲಿಕೆ ಆಟದಿಂದಲೇ ಆಗಲಿ ಎನ್ನುತ್ತದೆ. ಹೊಸ ಯೋಜನೆ, ಹೊಸ ಹೆಸರು ಯಾವುದೂ ಬೇಕಿಲ್ಲ. ಅಂಗನವಾಡಿ ಕಾರ್ಯಕರ್ತೆಯರ ತರಬೇತಿಯಲ್ಲಿ ಅರ್ಧ ದಿನ ಅವರ ಕೈಗೇ ಚೆಂಡು ಕೊಟ್ಟು ಎಸೆಯಲು ಹೇಳಬೇಕು, ಅವರಲ್ಲೂ ಅನೇಕರಿಗೆ ಚಿಕ್ಕಂದಿನಲ್ಲಿ ಯಾರೂ ಕಲಿಸಿರಲಾರರು. ಮಗುವಿನ ತೂಕ ಬರೆಯುವ ಪುಸ್ತಕದಲ್ಲಿ ಎಸೆಯುವಾಗ ಮೈ ತಿರುಗುತ್ತದೆಯೇ, ಎದುರು ಕಾಲು ಮುಂದೆ ಬರುತ್ತದೆಯೇ ಎಂದು ವರ್ಷಕ್ಕೆರಡು ಸಲ ಗುರುತು ಹಾಕಲು ಎರಡು ಮನೆ ಇರಲಿ. ಕುಳಗೇರಿ ಕ್ರಾಸ್‌ನಂಥ ಹೆದ್ದಾರಿ ಊರುಗಳಲ್ಲಿ ಗ್ರಾಮ ಪಂಚಾಯಿತಿ ಅಂಗನವಾಡಿಯ ಅಂಗಳಕ್ಕೆ ಎದೆಯೆತ್ತರದ ಗೋಡೆ ಕಟ್ಟಿಸಿ, ರಸ್ತೆಗೆ ಬೆನ್ನಾಗುವ ಕಡೆ ಸುಣ್ಣದ ವೃತ್ತ ಬರೆಸಲಿ. ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವಾಗ ಒಂದನೇ ತರಗತಿಯ ಬಾಗಿಲಲ್ಲಿ, ಪಠ್ಯಪುಸ್ತಕದ ಕಟ್ಟಿನ ಜತೆಗೆ, ಒಳಗಿರುವ ಮಕ್ಕಳಷ್ಟೇ ಬಟ್ಟೆ ಚೆಂಡುಗಳಿರುವ ಒಂದು ಚೀಲವೂ ಬಂದಿರಬೇಕು.